ಮಾವ ತೆವಳಿದ ಮನೆ

"ಹೆಗ್ಗಣಕ್ಕೂ ಬಿಲದಲ್ಲಿ ಎದ್ದು ಕೂರೋಷ್ಟು ಜಾಗ ಇರುತ್ತೆ ಕಣ್ರಯ್ಯಾ. ನನ್ನ ಅಳಿಯ ಮಹಾರಾಯ ಹೆಗ್ಗಣಕ್ಕಿಂತ ಕಡೆ!"

ಆರ್ವಲ್ ಇದನ್ನೇನು ಕಿವಿಯಲ್ಲಿ ಉಸುರಲಿಲ್ಲ. ಮಾರಾಟಕ್ಕಿದ್ದ ಮನೆಯ ಹಜಾರದ ನಟ್ಟನಡುವೆ ನಿಂತು, ಮನೆ ನೋಡಲು ಬಂದಿದ್ದ ಅಪರಿಚಿತರೆಲ್ಲರ ಮುಂದೆ ಗುಡುಗಿದ. ಬಿಸ್ಕತ್ತಿನ ತಟ್ಟೆ ಹಿಡಿದಿದ್ದ ಏಜೆಂಟ್ ಗ್ಲೆಂಡಾಳ ನಗು ತುಟಿಯ ಮೇಲೇ ಒಣಗಿತು. ಯಾರೋ ಕಿಸಕ್ಕೆಂದರು. ಅಳಿಯ ಡ್ವೇನನ ಕಿವಿ ಕೆಂಪಾಯಿತು. ಬಾಯಲ್ಲಿದ್ದ ಬಿಸ್ಕತ್ತು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಅವನ ಅಪರಾಧ ಇಷ್ಟೇ: ನೆಲಮಾಳಿಗೆಯಿಲ್ಲದ ಮನೆ ಮೆಚ್ಚಿದ್ದ. ಇಲ್ಲಿ ನೆಲದ ಹಲಗೆಗೂ ಮಣ್ಣಿಗೂ ನಡುವೆ ಹೊಟ್ಟೆಯ ಮೇಲೆ ತೆವಳುವಷ್ಟೇ ಸಂದು. ದಕ್ಷಿಣ ಇಂಡಿಯಾನಾದ ಆ ಸೀಮೆಯಲ್ಲಿ ಗಂಡಸಿನ ಯೋಗ್ಯತೆಯನ್ನು ಎರಡರಿಂದ ತೂಗುತ್ತಾರೆ. ಒಂದು ಅವನ ಪಿಕಪ್ ಟ್ರಕ್ಕು, ಇನ್ನೊಂದು ಸುಂಟರಗಾಳಿ ಬಂದಾಗ ಅಡಗಿಕೊಳ್ಳುವ ಅವನ ನೆಲಮಾಳಿಗೆ. ಡ್ವೇನನ ಟ್ರಕ್ಕು ಮೊದಲೇ ಕೆಮ್ಮುತ್ತಿತ್ತು.

ಆರ್ವಲ್ ಆರಿಸಿದ್ದ ಮನೆಯೇ ಬೇರೆ. ಅದಕ್ಕೆ ನೆಲಮಾಳಿಗೆಯಿತ್ತು, ಪಾಚಿಯ ವಾಸನೆಯಿತ್ತು, ಎಲ್ಲಕ್ಕಿಂತ ಮಿಗಿಲಾಗಿ ಆರ್ವಲನ ಮನೆಗೂ ಅದಕ್ಕೂ ಒಂದೇ ಬೇಲಿಯಿತ್ತು. ಮದುವೆಯಾದಾಗಿನಿಂದ ಮಾವನ ಮನೆಯ ಹಿಂದಿನ ಕೋಣೆಯಲ್ಲೇ ಬಿದ್ದಿದ್ದ ಡ್ವೇನನಿಗೆ ಆ ಬೇಲಿ ನೆನೆದರೇ ಬೆವರು. ಹುಲ್ಲು ಕತ್ತರಿಸಿದರೆ ಓರೆ ಅನ್ನುವ, ಮಾಂಸ ಸುಟ್ಟರೆ ಹಸಿ ಅನ್ನುವ, ಸುಮ್ಮನೆ ಕೂತರೆ ಸೋಮಾರಿ ಅನ್ನುವ ಆ ಗಂಟಲು, ಇನ್ನು ಸಾಯುವತನಕ ಬೇಲಿಯಾಚೆಯಿಂದ! ಆದರೆ ಹೆಂಡತಿ ಮಾರ್ಲಾ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: "ಅಪ್ಪ ಹೂಂ ಅಂದ ಮನೆಗೇ ನಾನು ಸಹಿ ಹಾಕೋದು."

"ಸುಂಟರಗಾಳಿ ಬಂದ್ರೆ ಹೆಂಡ್ತೀನ ಎಲ್ಲಿ ಬಚ್ಚಿಡ್ತೀಯೋ? ಜೇಬಲ್ಲಾ?" ಆರ್ವಲ್ ಬಿಡಲಿಲ್ಲ.

"ಗಾಳಿ ಬಂದಾಗ ನೀವೇನು ಕೆಳಗಿಳೀತೀರಾ ಮಾವ? ಬಿಯರ್ ಹಿಡ್ಕೊಂಡು ಜಗಲೀಲಿ ನಿಂತು ಆಕಾಶ ನೋಡ್ತೀರಿ. ಅತ್ತೇನೂ ಇಳಿಯೋಕೆ ಬಿಡಲ್ಲ ನೀವು. 'ಇನ್ನೂ ದೂರ ಇದೆ, ಸುಮ್ನಿರು' ಅಂತೀರಿ."

"ಅದು ಗಂಡಸ್ತನ ಕಣೋ!"

ಸುಂಟರಗಾಳಿಯ ಎಚ್ಚರಿಕೆಯ ಸೈರನ್ ಕೂಗಿದೊಡನೆ ಆ ಊರಿನ ಗಂಡಸರೆಲ್ಲ ಒಳಗೋಡುವ ಬದಲು ಹೊರಗೋಡಿ ಮೋಡಕ್ಕೆ ಮುಖವೊಡ್ಡಿ ನಿಲ್ಲುವವರೇ.

"ಒಂದ್ಸಲ ಆ ಸಂದಲ್ಲಿ ಇಣುಕಿ ನೋಡಿ ಮಾವ. ಒಂದು ಹನಿ ನೀರಿಲ್ಲ. ಇದ್ರೆ ನಿಮ್ಮ ಬೇಲಿ ಪಕ್ಕಾನೇ ಬಂದು ಕೂರ್ತೀನಿ."

"ನಾನೇ ತೆವಳ್ತೀನಿ ತಡಿ. ಒಂದು ಬೊಗಸೆ ಕೆಸರು ತಂದು ನಿನ್ನ ಮೂತಿಗೆ ಬಳೀತೀನಿ!"

"ನಿನ್ ಹೊಟ್ಟೆ ನೋಡ್ಕೋ ಆರ್ವಲ್," ಎಂದಳು ಅವನ ಹೆಂಡತಿ ಬ್ಯೂಲಾ. ಆರ್ವಲ್ ನೋಡಿಕೊಳ್ಳಲಿಲ್ಲ. ಟ್ರ್ಯಾಕ್ಟರ್ ಎಳೆತದ ಪಂದ್ಯದಲ್ಲಿ ಗೆದ್ದ, ತಟ್ಟೆಯಗಲದ ಬೆಲ್ಟಿನ ಬಿಲ್ಲೆಯನ್ನು ಒಮ್ಮೆ ಸವರಿ, ಹೊರಗೆ ಹೋಗಿ ಮನೆಯ ಪಕ್ಕದ ಗೋಡೆಯ ಬುಡದಲ್ಲಿದ್ದ ಪುಟ್ಟ ಬಾಗಿಲಿನಿಂದ ಒಳತೂರಿದ. ಬೂಟುಗಳೂ ಮಾಯವಾದವು.

ಸ್ವಲ್ಪ ಹೊತ್ತಿಗೆ ಹಜಾರದ ನೆಲಕ್ಕೆ ಕೂರಿಸಿದ್ದ, ಬಿಸಿಗಾಳಿ ಬರುವ ಜಾಲರಿಯೊಳಗಿಂದ ಧ್ವನಿ ಬಂತು, ಕೊಳವೆಯೊಳಗೆ ಕೋಣ ಕೆಮ್ಮಿದ ಹಾಗೆ.

"ಕೆಸರೆಲ್ಲಿ... ಥತ್, ಧೂಳು! ಅಯ್ಯೋ, ಬೆಲ್ಟು! ಬೆಲ್ಟು ಸಿಕ್ಕೊಂಡ್ತು!"

ಎಲ್ಲರೂ ಜಾಲರಿಯ ಸುತ್ತ ಬಗ್ಗಿ ಕೂತರು. ಗ್ಲೆಂಡಾ ಬಿಸ್ಕತ್ತಿನ ತಟ್ಟೆಯನ್ನೂ ತಂದು ನಡುವೆ ಇಟ್ಟಳು.

ಅಷ್ಟರಲ್ಲಿ ಸೈರನ್ ಕೂಗಿತು.

ಮೇಲಿದ್ದವರಲ್ಲಿ ಒಬ್ಬರೂ ತಲೆಯೆತ್ತಲಿಲ್ಲ. ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಸೈರನ್ ಕೆಟ್ಟಿದೆಯೋ ನೆಟ್ಟಗಿದೆಯೋ ಅಂತ ಊದಿ ನೋಡುವುದು ಆ ಊರಿನ ತೊಟ್ಟಿಲ ಮಕ್ಕಳಿಗೂ ಗೊತ್ತು. ಅಂದು ಅದೇ ಶನಿವಾರ, ಹೊರಗೆ ಚಿನ್ನದಂಥ ಬಿಸಿಲು. ಆದರೆ ಕತ್ತಲಲ್ಲಿ ಬಿಲ್ಲೆ ಸಿಕ್ಕಿಸಿಕೊಂಡು ಬೋರಲು ಬಿದ್ದವನಿಗೆ ಯಾವ ಶನಿವಾರ, ಯಾವ ಬಿಸಿಲು?

"ದೇವರೇ! ಬಂತಲ್ಲಪ್ಪಾ ಗಾಳಿ! ನಂದು ತಪ್ಪಾಯ್ತು ದೇವರೇ! ಆ ಹುಡುಗನ್ನ ಇನ್ನು ಹೆಗ್ಗಣ ಅನ್ನಲ್ಲ. ಇದು ಒಳ್ಳೇ ಜಾಗ, ಒಣಗಿದೆ, ಗಟ್ಟಿ ಇದೆ. ಮನೆ ಹಾರಿದ್ರೂ ಸರಿ, ನನ್ನ ಉಳಿಸು!"

"ಹೋಗಿ ಹೇಳಿ ಬರ್ಲಾ?" ಡ್ವೇನ್ ಎದ್ದ. ಮಾರ್ಲಾ ಅವನ ತೋಳು ಹಿಡಿದು ಕೂರಿಸಿದಳು. "ತಾಳು. ಇನ್ನೂ ಏನೋ ಹೇಳ್ತಿದ್ದಾನೆ."

"ನನ್ನ ನೆಲಮಾಳಿಗೇಲಿ ಮೊಣಕಾಲುದ್ದ ನೀರು ನಿಂತಿದೆ ದೇವರೇ! ನೀರೆತ್ತೋ ಪಂಪು ಸತ್ತು ಎರಡು ಚಳಿಗಾಲ ಆಯ್ತು. ಅದಕ್ಕೇ ಬೀಗ ಜಡಿದು ಬ್ಯೂಲಾನಾಗ್ಲಿ ಯಾರನ್ನಾಗ್ಲಿ ಕೆಳಗೆ ಬಿಟ್ಟಿಲ್ಲ. ಅದಕ್ಕೇ ಜಗಲೀಲಿ ನಿಲ್ಲೋದು. ಧೈರ್ಯ ಎಲ್ಲಿ ಬಂತು, ನಿಂತಿರುವಾಗೆಲ್ಲ ತೊಡೆ ನಡುಗುತ್ತೆ! ಅವಳು ಪಾಕದಲ್ಲಿ ಹಾಕಿ ಅಲ್ಲಿಟ್ಟ ಪೀಚ್ ಹಣ್ಣಿನ ಶೀಷೆ ಎಲ್ಲಾ ಮುಳುಗೋದ್ವು. ಅಂಗಡಿ ಡಬ್ಬಿ ತಂದು, ಹಳೇ ಶೀಷೆಗೆ ಸುರಿದು ತಿನ್ನಿಸ್ತಿದೀನಿ. ಕ್ಷಮಿಸು!"

ಸೈರನ್ ನಿಂತಿತು.

"ಅದಕ್ಕೇ," ಎಂದಳು ಬ್ಯೂಲಾ ನಿಧಾನವಾಗಿ, "ನಾನು ಹಾಕಿದ್ದ ಲವಂಗದ ರುಚಿ ಬರ್ತಿರ್ಲಿಲ್ಲ. ನನ್ನ ನಾಲಿಗೇನೇ ಕೆಡ್ತು ಅಂತ ಡಾಕ್ಟರ ಹತ್ರ ಹೋಗಿದ್ದೆನಲ್ಲೋ!"

ಮಾರ್ಲಾ ಜಾಲರಿಯಿಂದ ಮುಖವೆತ್ತಿದಳು. ನಗು ತಡೆದು ತಡೆದು ಅವಳ ಕಣ್ಣಲ್ಲಿ ನೀರು ತುಂಬಿತ್ತು. "ಗ್ಲೆಂಡಾ, ಪೆನ್ನು ಕೊಡಿ. ಅಪ್ಪ ಒಣಗಿದೆ ಅಂದ, ಗಟ್ಟಿ ಇದೆ ಅಂದ. ದೇವರ ಮುಂದೆ ಅಂದಿದ್ದಾನೆ. ಹೂಂ ಅನ್ನೋದು ಅಂದ್ರೆ ಇನ್ನೇನು?"

ಡ್ವೇನನಿಗೆ ಕುಣಿಯಬೇಕೆನಿಸಿತು. ಕುಣಿಯುವ ಮೊದಲು ಮಾಡಬೇಕಾದ ಕೆಲಸವೊಂದಿತ್ತು. ಅವನು ಪುಟ್ಟ ಬಾಗಿಲಿನಿಂದ ತೆವಳಿ ಹೋಗಿ, ಕೊಳವೆ ಬಿಗಿದಿದ್ದ ತಗಡಿನ ಪಟ್ಟಿಗೆ ಗಾಳದ ಮೀನಿನಂತೆ ಸಿಕ್ಕಿಬಿದ್ದಿದ್ದ ಮಾವನ ಬೆಲ್ಟು ಬಿಚ್ಚಿದ. ಬೆಲ್ಟೂ ಬಿಲ್ಲೆಯೂ ಅಲ್ಲೇ ನೇತಾಡಿದವು. ಮಾವನ ಕಾಲು ಹಿಡಿದು ದರದರ ಹೊರಗೆಳೆದ.

ಆರ್ವಲ್ ಜೇಡರ ಬಲೆಯನ್ನೆಲ್ಲ ಮೀಸೆಗೆ ಸುತ್ತಿಕೊಂಡು ಎದ್ದು ನಿಂತ. ಹಾರಿಹೋಗಬೇಕಿದ್ದ ಮನೆ ಹಾಗೇ ನಿಂತಿತ್ತು. ಎದುರು ಮನೆಯವನು ಹುಲ್ಲು ಕತ್ತರಿಸುತ್ತಿದ್ದ. ಒಳಗಿದ್ದವರೆಲ್ಲ ಹೊರಬಂದು, ಮದುವೆ ದಿಬ್ಬಣ ಎದುರುಗೊಳ್ಳುವವರಂತೆ ಸಾಲಾಗಿ ನಿಂತಿದ್ದರು. ಆರ್ವಲ್ ಆಕಾಶ ನೋಡಿದ. ಗಡಿಯಾರ ನೋಡಿಕೊಂಡ.

"ಪೀಚು ಅಂಗಡೀದಾ, ನಂದಾ?" ಬ್ಯೂಲಾ ಸೊಂಟಕ್ಕೆ ಕೈಯಿಟ್ಟು ಕೇಳಿದಳು.

ಡ್ವೇನ್ ಮೊಣಕಾಲಿನ ಧೂಳು ಕೊಡವಿದ. ಎಲ್ಲರಿಗೂ ಕೇಳುವ ಹಾಗೆ, ಬಹಳ ವಿನಯದಿಂದ ಕೇಳಿದ: "ಒಳಗೆ ಹೆಗ್ಗಣ ಗಿಗ್ಗಣ ಏನಾದ್ರೂ ಕಂಡ್ತಾ ಮಾವ?"

ಆರ್ವಲ್ ಎರಡೂ ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು, ಯಾರ ಕಡೆಗೂ ನೋಡದೆ, ತನ್ನ ಟ್ರಕ್ಕಿನತ್ತ ನಡೆದ.