ನಲವತ್ತೊಂದರ ಕಪಾಟು

‘ಇವತ್ತೂ “ತಿಳೀತ್ರಿ” ಅಂದೆ. ತಿಳಿದಿರಲಿಲ್ಲ.’

ಡೈರಿಯಲ್ಲಿ ಇಷ್ಟು ಬರೆದು ಹನ್ನಾ ಪೆನ್ನು ಕೆಳಗಿಟ್ಟಳು. ಆಮೇಲೆ ಸುಮ್ಮನಿರಲಾರದೆ ಇನ್ನೊಂದು ಸಾಲು ಸೇರಿಸಿದಳು: ‘ಒಂದೇ ಮಾತನ್ನು ನಾಲ್ಕನೇ ಸಲ ಕೇಳುವುದಕ್ಕಿಂತ ತಪ್ಪು ಮಾಡುವುದೇ ಸುಲಭ ಅನ್ನಿಸುತ್ತದೆ. ಇದು ಒಳ್ಳೆಯ ಲಕ್ಷಣವಲ್ಲ.’

ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಆಕೆ ಕೆಲಸಕ್ಕೆ ಸೇರಿ ಹದಿನಾರು ದಿನವಾಗಿತ್ತು. ಬಿ.ಎ. ಮುಗಿಸಿ ಎರಡು ವರ್ಷ ಧಾರವಾಡದ ಮನೆಯಲ್ಲಿ ಕೂತವಳಿಗೆ ಇದು ಮೊದಲ ನೌಕರಿ. ಕೆಲಸ ಸಿಕ್ಕ ವಾರ ಅವಳ ಅಪ್ಪ ಯೇಸುದಾಸ ಮಾಸ್ತರರು ದೇವರಿಗೆ ಕೃತಜ್ಞತೆ ಎಂದು ಚರ್ಚಿನಲ್ಲಿ ಸ್ತೋತ್ರ ಕಾಣಿಕೆ ಕೊಟ್ಟಿದ್ದರು. ಪಾಸ್ಟರರು ಹೆಸರು ಹಿಡಿದು ಕರೆದಾಗ ಇಡೀ ಸಭೆ ತಿರುಗಿ ನೋಡಿತ್ತು. ಆಕೆ ಎದ್ದು ನಿಂತು, ಕಾಲ್ಬೆರಳಿನಿಂದ ಜಮಖಾನೆಯ ಅಂಚು ಮಡಚುತ್ತ, ಯಾವಾಗ ಕೂತೇನೋ ಎಂದು ಕಾದಿದ್ದಳು. ಮೊದಲ ಮೂರು ತಿಂಗಳು ಬರೀ ಪರೀಕ್ಷೆಯ ಅವಧಿ, ಬೇಡವೆಂದರೆ ಮನೆಗೆ ಕಳಿಸುತ್ತಾರೆ ಎಂಬುದನ್ನು ಅಪ್ಪ ಯಾರಿಗೂ ಹೇಳಿರಲಿಲ್ಲ.

ದಾಖಲೆ ಕೋಣೆ ಇದ್ದದ್ದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಸಾಲುಸಾಲು ಕಬ್ಬಿಣದ ಕಪಾಟು, ಅದರಲ್ಲಿ ಮೂವತ್ತು ವರ್ಷದ ರೋಗಿಗಳ ಫೈಲುಗಳು. ದಿನಕ್ಕೆ ಇಷ್ಟೆಂದು ಹಳೇ ಫೈಲು ತೆಗೆದು, ವಿವರವನ್ನು ಕಂಪ್ಯೂಟರಿಗೆ ಏರಿಸಿ, ಮತ್ತೆ ಅದದರ ಜಾಗಕ್ಕೆ ಇಡುವುದು ಹನ್ನಾಳ ಕೆಲಸ. ಕಲಿಸಬೇಕಾದವರು ಗೋದಾಬಾಯಿ. ಇಪ್ಪತ್ತೇಳು ವರ್ಷದಿಂದ ಆ ಕೋಣೆಯಲ್ಲಿದ್ದವರು, ಎಲ್ಲರಿಗೂ ಬರೀ ‘ಬಾಯಾರು’. ಮೇಲಿನಿಂದ ಡಾಕ್ಟರರು ಫೋನು ಮಾಡಿ ಹೆಸರು, ಊರು ಹೇಳಿದರೆ ಸಾಕು, ಬಾಯಿ ಕೂತಲ್ಲೇ ನಂಬರು ಹೇಳುವರು. ಈ ಹುಡುಗಿ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ ಮುಗಿಸಿದ ದಿನ ತಮ್ಮನ್ನು ಯಾರೂ ಏನೂ ಕೇಳುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

“ನಿನಗ ಕಲಿಸೂದು, ನಾ ಮನಿಗೆ ಹೋಗೂದು. ಇಷ್ಟ ಉಳದದ ನೋಡು,” ಎಂದು ಮೊದಲ ದಿನವೇ ನಕ್ಕು ಹೇಳಿದ್ದರು. ಬೇರೆ ಯಾರೂ ನಗಲಿಲ್ಲ.

ಕಲಿಸುವಾಗಲೂ ಅಷ್ಟೇ, ಚಹಾ ಆರುತ್ತದೆ ಅನ್ನುವವರ ಹಾಗೆ ಗಡಿಬಿಡಿ. “ಇಪ್ಪತ್ತು, ಎಂಬತ್ಮೂರು, ನಲವತ್ತೊಂದು. ಇದು ನಂಬರು. ಕಡೀ ಎರಡ ಅಂಕಿ ಮೊದಲ ನೋಡೂದು. ನಲವತ್ತೊಂದರ ಕಪಾಟು. ಅದರಾಗ ಎಂಬತ್ಮೂರರ ಖಾನೆ. ಅದರಾಗ ಇಪ್ಪತ್ತನೇ ಫೈಲು. ತಿಳೀತಿಲ್ಲೋ?”

“ತಿಳೀತ್ರಿ.”

“ಉರ್ದು ಪೇಪರ್ ಓದಿದಂಗ್ರಿ ಮೇಡಂ, ಬಲಗಡಿಯಿಂದ,” ಎಂದು ಪಕ್ಕದ ಮೇಜಿನ ಸಂಕೇತ ಕಣ್ಣು ಹೊಡೆದ. ಆತ ಕಂಪ್ಯೂಟರು ನೋಡಿಕೊಳ್ಳುವವನು. ದಿನಕ್ಕೊಬ್ಬರನ್ನು ಛೇಡಿಸದಿದ್ದರೆ ಊಟ ಸೇರದು.

“ಮತ್ತ ಫೈಲ್ ತಗದ ಜಾಗಾದಾಗ ಹಳದಿ ಕಾರ್ಡ ಇಡೂದು. ಕಾರ್ಡಿನ ಮ್ಯಾಲ ನಿನ್ನ ಹೆಸರು, ತಾರೀಖು. ಕಾರ್ಡ ಇಲ್ಲದ ಫೈಲ್ ಎತ್ತಿದಿ ಅಂದ್ರ ಕಳವು ಮಾಡಿದಂಗ.”

ಡೈರಿ ಬರೆದ ಮರುದಿನ, ಮಂಗಳವಾರ, ಕಾರ್ಡಿನ ಡಬ್ಬಿ ಖಾಲಿಯಾಗಿತ್ತು. ಹೊಸ ಕಾರ್ಡು ಬಾಯಿಯ ಡ್ರಾದಲ್ಲಿ. ಹನ್ನಾ ಎದ್ದು ಹೋಗಿ ಅವರ ಮೇಜಿನ ಮುಂದೆ ನಿಂತಳು. ಬಾಯಿ ತಲೆ ಎತ್ತಲಿಲ್ಲ. “ಮತ್ತೇನು?” ಎಂದರು. ಮುಂಜಾನೆಯಿಂದ ಅದು ಮೂರನೆಯ “ಮತ್ತೇನು.” ಹನ್ನಾ “ಏನಿಲ್ರಿ” ಎಂದು ಹಿಂದಕ್ಕೆ ಬಂದು, ಅರ್ಧ ತಾಸಿನ ಮಾತು ತಾನೇ ಎಂದುಕೊಂಡು, ಕಾರ್ಡಿಲ್ಲದೆ ಎರಡು ಫೈಲು ಎತ್ತಿಕೊಂಡಳು. ಅವೆರಡರ ಕೆಲಸ ಅಂದು ಆಗಲೇ ಇಲ್ಲ. ಐದೂಕಾಲಾಗಿತ್ತು. “ಹನ್ನಾ ಮೇಡಂ, ನಿಮ್ಮ ಬಸ್ ನವನಗರ ದಾಟಿರಬೇಕ ಈಗ,” ಎಂದು ಸಂಕೇತ ಬ್ಯಾಗು ಹೆಗಲಿಗೇರಿಸಿದ. ಆಕೆ ಗಾಬರಿಯಲ್ಲಿ ಎರಡನ್ನೂ ಕಪಾಟಿಗೆ ತುರುಕಿ ಮೆಟ್ಟಿಲು ಹತ್ತಿದಳು.

ಬುಧವಾರ ಹನ್ನೊಂದಕ್ಕೆ ರೆಹಮತ್‌ಬಿ ಎಂಬ ಹೆಂಗಸು ಬಂದಳು. ಗಂಡನಿಗೆ ಆರು ವರ್ಷದ ಹಿಂದೆ ಇಲ್ಲಿ ಆಪರೇಶನ್ ಆಗಿತ್ತು. ಈಗ ಆತ ಬೇರೊಂದು ಆಸ್ಪತ್ರೆಯಲ್ಲಿ ಮಲಗಿದ್ದ. ಅಲ್ಲಿಯ ಡಾಕ್ಟರು ಹಳೇ ಕಾಗದ ನೋಡದೆ ಮತ್ತೆ ಹೊಟ್ಟೆ ಕೊಯ್ಯಲಾರೆ ಅಂದಿದ್ದರು.

“ಕೂಡ್ರವಾ, ಎರಡ ನಿಮಿಷ,” ಎಂದು ಗೋದಾಬಾಯಿ ಎದ್ದರು. “ಇಪ್ಪತ್ತು, ಎಂಬತ್ಮೂರು, ನಲವತ್ತೊಂದು. ಕಣ್ಣಾಗ ಅದ ನನಗ.”

ನಂಬರು ಕೇಳಿದ್ದೇ ಹನ್ನಾ ಮೇಜಿನ ಕಾಗದಗಳನ್ನು ತಡಕಿದಳು. ನಿನ್ನೆಯ ಪಟ್ಟಿಯಲ್ಲಿ ಬೆರಳಿಟ್ಟು ನೋಡಿದಳು. ಕಡೆಯ ಎರಡರಲ್ಲಿ ಅದೊಂದು. ಎಲ್ಲಿಟ್ಟೆ ಎಂದು ಎಷ್ಟು ತಿಣುಕಿದರೂ ಮೆಟ್ಟಿಲು ಹತ್ತಿದ್ದಷ್ಟೇ ನೆನಪಾಗುತ್ತಿತ್ತು.

ಬಾಯಿ ಬರಿಗೈಯಲ್ಲಿ ಬಂದರು. ಮತ್ತೆ ಹೋದರು. ಸಂಜೆಯ ಹೊತ್ತಿಗೆ ಆ ಖಾನೆಯ ಫೈಲುಗಳನ್ನೆಲ್ಲ ನೆಲಕ್ಕಿಳಿಸಿ ಒಂದೊಂದಾಗಿ ತಿರುವಿದರು. ರೆಹಮತ್‌ಬಿ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತೇ ಇದ್ದಳು. “ನಾಳೆ ಬರಲೇನ್ರಿ ಬಾಯಾರ?” ಎಂದು ಕೇಳಿ ಎದ್ದಾಗ ಬಾಯಿ ಇನ್ನೂ ಫೈಲು ತಿರುವುತ್ತಲೇ ಇದ್ದರು. ಗುರುವಾರ ಬಂದಳು. ಗುರುವಾರವೂ ಸಿಗಲಿಲ್ಲ.

“ಬಾಯಾರ ಸರ್ವರ್ ಡೌನ್ ಆಗೇತಿ,” ಎಂದ ಸಂಕೇತ. ಕೋಣೆಯ ಮುಖ್ಯಸ್ಥರಾದ ಬಾಳಕೃಷ್ಣ ಅವರೂ ನಕ್ಕರು. ಹನ್ನಾಳ ತುಟಿಯೂ ತಾನಾಗಿ ಅಲುಗಿತು. ಅದನ್ನು ಬಾಯಿ ನೋಡಿದರು.

ಅಂದು ಸಂಜೆ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತವಳಿಗೆ ಉಣಕಲ್ಲಿನ ಹತ್ತಿರ ಹೊಳೆಯಿತು. ಅವಸರದಲ್ಲಿ ನಂಬರನ್ನು ಎಲ್ಲರೂ ಓದುವಂತೆ ಮುಂದಿನಿಂದ ಓದಿದ್ದಳು. ಫೈಲು ನಲವತ್ತೊಂದರ ಕಪಾಟಿನಲ್ಲಿಲ್ಲ, ಇಪ್ಪತ್ತರ ಕಪಾಟಿನಲ್ಲಿದೆ.

ಶುಕ್ರವಾರ ಎಲ್ಲರಿಗಿಂತ ಒಂದು ತಾಸು ಮೊದಲು ಬಂದಳು. ಕಾವಲುಗಾರನಿಂದ ಕೀಲಿ ಇಸಿದುಕೊಂಡಳು. ಫೈಲು ಅಲ್ಲೇ ಇತ್ತು, ಜೊತೆಯದೂ. ಬಾಳಕೃಷ್ಣ ಸರ್ ಮೇಜಿನ ಮೇಲಿಟ್ಟು, ಬಂದ ಕೂಡಲೇ ಹೇಳಿಬಿಡಬೇಕು ಎಂದುಕೊಂಡಳು. ಹೇಳುವ ಮಾತನ್ನು ಎರಡು ಸಲ ಗುನುಗಿಯೂ ನೋಡಿದಳು. ಕಾರ್ಡಿಲ್ಲದೆ ಎತ್ತಿದ್ದು, ಎರಡು ದಿನ ತುಟಿ ಬಿಚ್ಚದೆ ಕೂತದ್ದು, ಎಲ್ಲ ಹೇಳಬೇಕಾಗುತ್ತದೆ. ಹೊರಗೆ ಯಾರದೋ ಚಪ್ಪಲಿ ಸದ್ದಾಯಿತು. ಫೈಲುಗಳನ್ನು ಅವುಗಳ ಸರಿಯಾದ ಜಾಗಕ್ಕೆ ಸೇರಿಸಿ ಬಂದು ಕುರ್ಚಿಯಲ್ಲಿ ಕೂತಳು. ಎರಡು ದಿನದ ಮೇಲೆ ಮೊದಲ ಸಲ ಉಸಿರು ಸರಾಗವಾಯಿತು. ಸಿಕ್ಕರೆ ಸಾಕಲ್ಲ, ಹೇಗೆ ಸಿಕ್ಕರೇನು?

ಗೋದಾಬಾಯಿ ಬಂದವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ ನಲವತ್ತೊಂದರ ಕಪಾಟಿನ ಮುಂದೆ ನಿಂತರು. ಹನ್ನಾ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಬಾಯಿ ಫೈಲು ಹಿಡಿದು ಬಂದು, ಸ್ಟೂಲಿನ ಮೇಲೆ ಕೂತರು.

“ಸಿಕ್ತಲ್ರಿ ಬಾಯಾರ!” ಎಂದ ಸಂಕೇತ.

“ಇಲ್ಲೇ ಇತ್ತು,” ಎಂದರು. ದನಿ ಯಾರದೋ ಅನ್ನುವಂತಿತ್ತು. “ಇದ್ದ ಜಾಗಾದಾಗ ಇತ್ತು. ಮೂರ ಸಲ ನೋಡೇನಿ. ನೆಲಕ್ಕ ಇಳಿಸಿ ನೋಡೇನಿ. ಇಲ್ಲೇ ಇತ್ತು.”

ರೆಹಮತ್‌ಬಿ ಬಂದು ಕಾಗದದ ಪ್ರತಿ ತೆಗೆದುಕೊಂಡಳು. ಹೋಗುವಾಗ ಬಾಯಿಯ ಎರಡೂ ಕೈ ಹಿಡಿದು, “ಅಲ್ಲಾ ನಿಮ್ಮನ್ನ ಛಲೋ ಇಟ್ಟಿರಲಿ,” ಎಂದಳು. ಬಾಯಿ ಆ ಕೈಗಳಿಂದ ತಮ್ಮ ಕೈ ಬಿಡಿಸಿಕೊಂಡರು.

ಊಟದ ಹೊತ್ತಿನಲ್ಲಿ ಅವರು ತಾವಾಗಿ ಹನ್ನಾಳ ಪಕ್ಕ ಬಂದು ಕೂತರು. ಡಬ್ಬಿ ಬಿಚ್ಚಲಿಲ್ಲ.

“ನಮ್ಮ ಅಕ್ಕಗೂ ಹಿಂಗ ಶುರು ಆತು,” ಎಂದರು. “ಕನ್ನಡಕ ಮೂಗಿನ ಮ್ಯಾಲ ಇಟಗೊಂಡು ಕನ್ನಡಕ ಹುಡುಕತಿದ್ಲು. ನಾವೆಲ್ಲಾ ನಕ್ಕವಿ. ಈಗ ನಾನ ಉಣಿಸತೇನಿ. ಉಂಡು, ‘ನೀವ್ಯಾರ್ರೀ, ಭಾಳ ಛಲೋ ಮಂದಿ’ ಅಂತಾಳ.”

ಹನ್ನಾಳ ಕೈಯಲ್ಲಿ ರೊಟ್ಟಿಯ ತುಂಡು ಹಾಗೇ ಉಳಿಯಿತು.

“ನಿನ್ನ ಮ್ಯಾಲ ಭಾಳ ಒದರಾಡೇನಿ. ಮನಸಿನ್ಯಾಗ ಇಟಗೋಬ್ಯಾಡ ತಂಗಿ. ಈಗ ಕಲಿ, ನನಗ ನೆನಪ ಇರೂತನಕ.”

ಅಂದಿನಿಂದ ಬಾಯಿ ನಿಧಾನವಾಗಿ ಕಲಿಸತೊಡಗಿದರು. ಹನ್ನಾ ಇಷ್ಟು ದಿನ ಯಾವುದಕ್ಕಾಗಿ ಹಂಬಲಿಸಿದ್ದಳೋ ಅದೇ. ಒಂದನ್ನೇ ನಾಲ್ಕು ಸಲ ಹೇಳುವರು, ಕೈ ಹಿಡಿದು ಖಾನೆ ಮುಟ್ಟಿಸುವರು. ಆಕೆಗೆ ಪ್ರತಿ ಮಾತೂ ತಿಳಿಯುತ್ತಿತ್ತು, ಪ್ರತಿ ಮಾತೂ ಚುಚ್ಚುತ್ತಿತ್ತು. ತಾವು ಇಟ್ಟ ಒಂದೊಂದು ಫೈಲಿಗೂ ಬಾಯಿ, “ಬಾ ಇಲ್ಲೆ, ನಾ ಸರಿ ಇಟ್ಟೇನಿಲ್ಲೋ ನೋಡು,” ಎಂದು ಕರೆಯುವರು. ಶನಿವಾರ ಡಾಕ್ಟರರೊಬ್ಬರು ಫೋನು ಮಾಡಿ ನಂಬರು ಕೇಳಿದರೆ, ನಾಲಗೆಯ ತುದಿಗೆ ಬಂದದ್ದನ್ನು ನಂಬದೆ, “ನೋಡಿ ಹೇಳತೇನ್ರಿ” ಎಂದು ಇಟ್ಟರು. ನೋಡಿದಾಗ ಅದು ಸರಿಯಾಗಿಯೇ ಇತ್ತು. ಆದರೂ ಅವರ ಮುಖ ಅರಳಲಿಲ್ಲ.

ಭಾನುವಾರ ಚರ್ಚಿನಲ್ಲಿ ಮೌನವಾಗಿ ಪಾಪವನ್ನು ಅರಿಕೆ ಮಾಡಿಕೊಳ್ಳುವ ಹೊತ್ತು ಬಂತು. ಹನ್ನಾ ಕಣ್ಣು ಮುಚ್ಚಿ ಎಲ್ಲವನ್ನೂ ಸಾಲಾಗಿ ಹೇಳಿಕೊಂಡಳು. ಎಷ್ಟು ಸುಲಭವಾಗಿತ್ತೆಂದರೆ, ಮುಗಿದ ಮೇಲೆ ಆಕೆಗೆ ನಾಚಿಕೆಯಾಯಿತು. ಸಂಜೆ ಡೈರಿಯಲ್ಲಿ ಎರಡು ಪುಟ ಬರೆದಳು. ಅಕ್ಷರ ಎಂದಿಗಿಂತ ದುಂಡಗೆ ಬಂದಿತ್ತು. ಅದನ್ನು ನೋಡಿ ಡೈರಿಯನ್ನೇ ಮುಚ್ಚಿಟ್ಟಳು.

ಸೋಮವಾರ ಮಧ್ಯಾಹ್ನ ಬಾಯಿ ಒಂದು ಬಿಳಿ ಹಾಳೆ ತಂದು ಆಕೆಯ ಮುಂದಿಟ್ಟರು. ಸಂಕೇತ ಮೇಲೆ ಹೋಗಿದ್ದ. ಬಾಳಕೃಷ್ಣ ಗಾಜಿನ ಗೋಡೆಯಾಚೆ ಫೋನಿನಲ್ಲಿದ್ದರು.

“ನಿನ್ನ ಅಕ್ಷರ ಛಂದ ಅವ. ಒಂದ ಅರ್ಜಿ ಬರದಕೊಡು.”

“ಯಾರಿಗ್ರಿ?”

“ಬಾಳಕೃಷ್ಣ ಅವರಿಗೆ. ಕೆಲಸ ಬಿಡತೇನಿ. ಅವರು ಬ್ಯಾಡ ಅಂದ್ರು, ಮ್ಯಾಲ ರಿಸೆಪ್ಶನ್ನಿನ್ಯಾಗ ಕೂಡ್ರಿ ಅಂದ್ರು. ಅಲ್ಲೆ ಕೂತು ಏನ ಮಾಡಲಿ? ಇಂದ ಒಂದ ಫೈಲ್ ಆತು. ನಾಳೆ ಯಾರದರೆ ಜೀವದ ಮ್ಯಾಲ ಬಂದೀತು.” ಕುರ್ಚಿ ಎಳೆದುಕೊಂಡು ಕೂತರು. “ಡಾಕ್ಟರ ಕಡೆ ತೋರಿಸಬೇಕು ಅಂತೀನಿ, ಧೈರ್ಯ ಆಗವಲ್ತು. ಹೌದು ಅಂದ್ರ ಅಕ್ಕನ್ನ ಯಾರ ನೋಡಬೇಕು? ಬರಿ. ಮಾನ್ಯರೆ, ಇತ್ತೀಚೆಗೆ ನನ್ನ ನೆನಪಿನ ಶಕ್ತಿ…”

ಹನ್ನಾ ಬರೆದಳು. ಮಾನ್ಯರೆ. ಇತ್ತೀಚೆಗೆ ನನ್ನ.

ಅಲ್ಲಿಗೆ ಕೈ ನಿಂತಿತು. ಮುಂದಿನ ಪದ ಅವಳ ಬೆರಳಿನವರೆಗೆ ಬಂದಿತ್ತು, ಹಾಳೆಗೆ ಇಳಿಯಲೊಲ್ಲದು. ಬರೆದರೆ ಅದು ಖರೇ ಆಗಿಬಿಡುತ್ತದೆ. ಇಪ್ಪತ್ತೇಳು ವರ್ಷ ಸಾವಿರಾರು ಹೆಸರು ಹೊತ್ತ ಈ ತಲೆ, ತನ್ನನ್ನು ತಾನೇ ನಂಬದೆ ಮನೆಗೆ ಹೋಗುತ್ತದೆ. ಗಾಜಿನಾಚೆ ಬಾಳಕೃಷ್ಣ ಫೋನು ಕೆಳಗಿಟ್ಟು ಇತ್ತ ನೋಡಿದರು. ಪರೀಕ್ಷೆಯ ಅವಧಿ, ಅಪ್ಪ, ಚರ್ಚಿನ ಆ ತಿರುಗಿದ ಮುಖಗಳು, ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದವು.

“ಯಾಕ, ಪೆನ್ನ ಮೂಡವಲ್ತೇನು?” ಎಂದು ಬಾಯಿ ತಮ್ಮ ಪೆನ್ನು ಚಾಚಿದರು.

ಹನ್ನಾ ಅದನ್ನು ತೆಗೆದುಕೊಳ್ಳಲಿಲ್ಲ. ದನಿ ಹೊರಟಾಗ ಅದು ಎಷ್ಟು ಜೋರಾಗಿತ್ತೆಂದರೆ, ಗಾಜಿನಾಚೆಯ ಬಾಳಕೃಷ್ಣ ಎದ್ದು ನಿಂತರು.

“ಬಾಯಾರ, ಫೈಲ್ ಅಲ್ಲೆ ಇರಲೇ ಇಲ್ರಿ. ನೀವು ನೋಡಿದಾಗ ಮೂರೂ ಸಲ ಅಲ್ಲೆ ಇರಲಿಲ್ಲ. ಇಪ್ಪತ್ತರ ಕಪಾಟಿನ್ಯಾಗ ನಾ ತಪ್ಪಿಟ್ಟಿದ್ದೆ. ಶುಕ್ರವಾರ ಮುಂಜಾನೆ ನಾನ ತಂದಿಟ್ಟೆ.”