ಮಸೂರಕ್ಕೆ ಅಡ್ಡ ನಿಂತ ಮೇಷ್ಟ್ರು

ಷಡಕ್ಷರಿ ಮೇಷ್ಟ್ರು ಎಂದೂ ಕೂತು ಸಿನಿಮಾ ನೋಡಿದವರಲ್ಲ. ಪ್ರೊಜೆಕ್ಟರಿನ ಪಕ್ಕದಲ್ಲಿ, ಬಲಗೈಯನ್ನು ಮಸೂರದಿಂದ ಒಂದು ಗೇಣು ದೂರದಲ್ಲಿ ಸಿದ್ಧವಾಗಿಟ್ಟುಕೊಂಡು, ಎಡಗೈಯಲ್ಲೊಂದು ಕಿರುಪುಸ್ತಕ ಹಿಡಿದು ನಿಂತಿರುತ್ತಿದ್ದರು. ಹಿಂದಿನ ದಿನವೇ ಚಿತ್ರವನ್ನು ಒಬ್ಬರೇ ನೋಡಿ ಬರೆದುಕೊಂಡ ಗುರುತುಗಳು ಅದರಲ್ಲಿ: ‘ಎರಡನೇ ರೀಲು, ನದಿ, ಸ್ನಾನ’, ‘ಮೂರನೇ ರೀಲು, ಬಾಗಿಲು ಹಾಕಿದ ಮೇಲೆ’. ಆ ಘಟ್ಟ ಬಂದೊಡನೆ ಅವರ ಅಂಗೈ ಬೆಳಕಿಗೆ ಅಡ್ಡವಾಗುತ್ತಿತ್ತು; ಪರದೆ ಕಪ್ಪಾಗಿ, ದೂರದೇಶದ ಯಾರೋ ದಂಪತಿಗಳ ಪಿಸುಮಾತು ಮಾತ್ರ ಮೂಡಿಗೆರೆಯ ಆ ಸಭಾಂಗಣದಲ್ಲಿ ತೇಲುತ್ತಿತ್ತು. ಘಟ್ಟ ಕಳೆದ ಮೇಲೆ ಕೈ ಇಳಿಸಿ, ಅಪರಾಧಿಯಂತೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

ಅನುದಾನಿತ ಹೈಸ್ಕೂಲೊಂದರಲ್ಲಿ ಅವರು ಇಂಗ್ಲಿಷ್ ಮೇಷ್ಟ್ರು. ಬೇಸಿಗೆಯಲ್ಲೂ ಬಿಚ್ಚದ ಬೂದುಬಣ್ಣದ ಕೋಟು. ಎದುರಾಗುವ ಪ್ರತಿಯೊಂದು ಜೀಪಿಗೂ ನಿಂತು ದಾರಿ ಬಿಟ್ಟುಕೊಡುವ, ರಸ್ತೆಯಂಚಿನ ನಡಿಗೆ. ಯಾವ ಮಾತಿಗೂ ಮೊದಲು ‘ತಪ್ಪು ತಿಳ್ಕೋಬೇಡಿ’ ಎಂಬ ಪೀಠಿಕೆ. “ತಪ್ಪು ತಿಳ್ಕೋಬೇಡಿ, ಇವತ್ತು ಮಂಗಳವಾರ ಅಲ್ವಾ?” ಎಂದು ಒಮ್ಮೆ ನನ್ನನ್ನು ಕೇಳಿದ್ದರು. ಬ್ಯಾಂಕಿನ ಕೆಲಸಕ್ಕೆಂದು ಆ ಊರಿಗೆ ಹೋಗಿದ್ದ ನನಗೆ, ಇಷ್ಟು ಅಂಜುವ ಮನುಷ್ಯ ಚಿತ್ರಸಮಾಜವೊಂದನ್ನು ಕಟ್ಟಿ, ಪ್ರತಿವರ್ಷ ಕಾಫಿಕೊಯ್ಲು ಮುಗಿದೊಡನೆ ಮೂರು ದಿನದ ಚಿತ್ರೋತ್ಸವ ನಡೆಸುತ್ತಾರೆಂಬುದೇ ಸೋಜಿಗವಾಗಿತ್ತು.

ತೊಂಬತ್ತನಾಲ್ಕರ ಮಾರ್ಚಿ; ಆ ವರ್ಷ ಉತ್ಸವದ ನೆರವಿಗೆ ನಾನೂ ಸೇರಿಕೊಂಡಿದ್ದೆ. ಸಭಾಂಗಣ ಪ್ಲಾಂಟರ್ ಸಿದ್ದಬಸಪ್ಪನವರದು. ಮೇಷ್ಟ್ರ ಶಾಲೆಯ ಆಡಳಿತ ಮಂಡಳಿಗೂ ಅವರೇ ಅಧ್ಯಕ್ಷರು. ಬೀಗದ ಕೈ ಕೊಡುವಾಗ ಅವರು ಮೆಲ್ಲಗೇ ಹೇಳಿದ್ದರು: “ಮನೆ ಹೆಂಗಸ್ರೂ ಬರ್ತಾರೆ ಮೇಷ್ಟ್ರೇ. ಏನಾದ್ರೂ ಅಸಹ್ಯ ಕಂಡ್ರೆ ಈ ಹಾಲೂ ಇಲ್ಲ, ನಿಮ್ಮ ವಿಷ್ಯನೂ ನಾನು ಯೋಚ್ನೆ ಮಾಡ್ಬೇಕಾಗತ್ತೆ.”

ಕೊನೆಯ ಮಧ್ಯಾಹ್ನದ್ದು ಹಂಗೆರಿಯ ಕಪ್ಪುಬಿಳುಪು ಚಿತ್ರ. ಬೆಂಗಳೂರಿನಿಂದ ಬರಬೇಕಾದ ಬಸ್ಸು ಬೇಲೂರಿನಲ್ಲಿ ಕೆಟ್ಟುನಿಂತು, ರೀಲಿನ ಪೆಟ್ಟಿಗೆ ನಮ್ಮ ಕೈಸೇರಿದಾಗ ಪ್ರದರ್ಶನಕ್ಕೆ ಅರ್ಧ ಗಂಟೆ ಉಳಿದಿತ್ತು. ಮೇಷ್ಟ್ರು ಮೊದಲೇ ನೋಡಿರದ ಚಿತ್ರ ಅದೊಂದೇ. ನಿಲ್ಲಿಸಿಬಿಡೋಣವೆಂದೆ. “ತಪ್ಪು ತಿಳ್ಕೋಬೇಡಿ, ಇಷ್ಟು ಜನ ಬಂದು ಕೂತಿದಾರೆ” ಎಂದರು. ಪ್ರೊಜೆಕ್ಟರ್ ನಡೆಸುತ್ತಿದ್ದ ಜೀಪ್ ಮೆಕ್ಯಾನಿಕ್ ರಜಬ್ ಅಲಿ ರೀಲು ಏರಿಸಿದ.

ಬೆಳಕು ತಡೆಯಲು ಕಿಟಕಿಗಳಿಗೆ ಹಾಕಿದ್ದ ಕಂಬಳಿಗಳು ಸಿದ್ದಬಸಪ್ಪನವರದೇ ತೋಟದ ಕೂಲಿಲೈನಿನ ಮನೆಗಳಿಂದ ಬಂದವು. ಅವುಗಳ ಕಾವಲಿಗೆ ಬಂದಿದ್ದ ಸೂಲಗಿತ್ತಿ ದ್ಯಾವಮ್ಮ ಗೋಡೆಬದಿಗೆ ನೆಲದಲ್ಲಿ ಕೂತಿದ್ದಳು. ಪರದೆಯ ಮೇಲೆ ಹಿಮ ಮುಚ್ಚಿದ ಹಳ್ಳಿ, ಯುದ್ಧಕ್ಕೆ ಹೋದ ಗಂಡ, ಒಂಟಿ ಮನೆಯಲ್ಲಿ ತುಂಬುಗರ್ಭಿಣಿ. ಪ್ರತಿ ದೃಶ್ಯ ಬದಲಾದಾಗಲೂ ಮೇಷ್ಟ್ರ ಕೈ ಮೇಲೇಳುತ್ತಿತ್ತು, ಇಳಿಯುತ್ತಿತ್ತು. ನಾಲ್ಕನೆಯ ರೀಲಿನಲ್ಲಿ ಆಕೆಗೆ ನೋವು ಬಂತು. ಗೋಡೆ ಹಿಡಿದು ಕುಸಿದಳು, ಉಟ್ಟ ಬಟ್ಟೆಯನ್ನು ಮೇಲೆ ಸರಿಸಿದಳು. ಪರದೆ ಕಪ್ಪಾಯಿತು.

ಈ ಘಟ್ಟ ಎಲ್ಲಿಗೆ ಮುಗಿಯುತ್ತದೆಂದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಆದ್ದರಿಂದ ಕೈ ತೆಗೆಯುವಂತಿರಲಿಲ್ಲ. ಒಂದು ನಿಮಿಷ, ಎರಡು ನಿಮಿಷ. ಆ ಕತ್ತಲಲ್ಲಿ ಹೆಣ್ಣಿನ ಚೀತ್ಕಾರ ಮಾತ್ರ. ನೋಡಿದ್ದರೆ ಹೆರಿಗೆಯಾಗಿರುತ್ತಿದ್ದುದು ಬರಿಯ ಕಿವಿಗೆ ಕೊಲೆಯಂತೆ ಕೇಳುತ್ತಿತ್ತು. ಬೆಂಚುಗಳು ಕಿರುಗುಟ್ಟಿದವು, ಎಲ್ಲೋ ಒಂದು ಮಗು ಅಳತೊಡಗಿತು. ಮೇಷ್ಟ್ರ ಬೆರಳುಗಳ ಸಂದಿನಿಂದ ಬೆಳಕು ಚೂರುಚೂರಾಗಿ ಪರದೆಗೆ ಚಿಮ್ಮುತ್ತಿತ್ತು.

“ಮೇಷ್ಟ್ರೇ,” ಗೋಡೆಬದಿಯಿಂದ ದ್ಯಾವಮ್ಮನ ದನಿ ಬಂತು, “ಆ ಹೆಣ್ಣು ಒಬ್ಳೇ ಇದಾಳೆ. ಕತ್ತಲೇಲಿ ಬಿಡ್ಬೇಡಿ ಅವಳನ್ನ.”

ಮುಂದಿನ ಸಾಲಿನಲ್ಲಿ ಸಿದ್ದಬಸಪ್ಪನವರು ತಿರುಗಿ ನೋಡಿದರು. ಮೇಷ್ಟ್ರೂ ಅವರನ್ನು ನೋಡಿದರು. ನಾನು ಪಕ್ಕದಲ್ಲೇ ಇದ್ದೆ; ಅವರ ಉಸಿರು ಒಮ್ಮೆ ನಿಂತು ಹೊರಟದ್ದು ನನಗೆ ಕೇಳಿಸಿತು. ಕೈ ಕೆಳಗಿಳಿಯಿತು. ಪರದೆಯ ಮೇಲೆ ಬೆವೆತ ಮುಖವೊಂದು, ಆಮೇಲೆ ಹಸಿಹಸಿಯಾದ, ಕಿರುಚುವ ಒಂದು ಜೀವ.

ಸಿದ್ದಬಸಪ್ಪನವರು ಎದ್ದು ಹೊರಟರು. ಅವರ ಮಡದಿ ಏಳಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೊನೆಯವರೆಗೂ ಕೂತಿದ್ದರು.

ಮರುದಿನ ಮೇಷ್ಟ್ರಿಗೆ ಕರೆ ಬಂತು. ಜೊತೆಗೆ ನಾನೂ ಹೋಗಿದ್ದೆ. ಸಿದ್ದಬಸಪ್ಪನವರು ಕೆಟ್ಟವರಲ್ಲ, ಪಾರಾಗುವ ದಾರಿಯನ್ನು ತಾವೇ ತೋರಿಸಿದರು. “ಕೈ ಸೋತು ಜಾರ್ತು ಅಂತ ಎರಡು ಸಾಲು ಬರ್ಕೊಡಿ. ಮಂಡಳಿಯವ್ರಿಗೆ ತೋರ್ಸಿ ನಾನೂ ಮರ್ತ್ಬಿಡ್ತೀನಿ.”

ಮೇಷ್ಟ್ರು ಕಾಗದ ತೆಗೆದುಕೊಂಡರು, ಪೆನ್ನಿನ ಟೋಪಿ ಬಿಚ್ಚಿದರು. ಒಂದಕ್ಷರವೂ ಬರೆಯದೆ ಟೋಪಿಯನ್ನು ಮತ್ತೆ ಹಾಕಿದರು. “ತಪ್ಪು ತಿಳ್ಕೋಬೇಡಿ. ಕೈ ಜಾರ್ಲಿಲ್ಲ. ನಾನೇ ತೆಗ್ದೆ.”

ಎಂಟು ತಿಂಗಳು ಅವರು ಅಮಾನತಿನಲ್ಲಿದ್ದರು. ಇಲಾಖೆಯ ಆದೇಶ ಬಂದು ಮತ್ತೆ ಶಾಲೆಗೆ ಸೇರಿದ ದಿನ ಸಿದ್ದಬಸಪ್ಪನವರಿಗೆ ಅವರೇ ಮೊದಲು ಕೈಮುಗಿದರಂತೆ. ಮುಂದಿನ ವರ್ಷದಿಂದ ಚಿತ್ರೋತ್ಸವ ಅದೇ ತಾಲ್ಲೂಕಿನ ಜಾವಳಿ ಹಳ್ಳಿಯಲ್ಲಿದ್ದ ರಜಬ್ ಅಲಿಯ ಜೀಪಿನ ಶೆಡ್ಡಿಗೆ ಬಂತು. ಮೇಷ್ಟ್ರೇನೂ ಬದಲಾಗಲಿಲ್ಲ, ಅಲ್ಲೂ ಕಿರುಪುಸ್ತಕ ಹಿಡಿದೇ ನಿಂತರು, ನದಿಯ ಸ್ನಾನಗಳನ್ನು ಮುಚ್ಚುತ್ತಲೇ ಇದ್ದರು.

ಇಂಥ ಅಂಜುಬುರುಕರು ಪ್ರತಿ ಊರಲ್ಲೂ ಒಬ್ಬಿಬ್ಬರಿರುತ್ತಾರೆ. ನಾವು ಅವರನ್ನು ನೋಡಿ ಸಣ್ಣಗೆ ನಗುತ್ತೇವೆ. ಎದೆಗಾರರಿಗೆ ಮುಂದಿನ ಕೇಡು ಅರ್ಧ ಕಂಡಿರುತ್ತದೆ, ಅರ್ಧ ಕಂಡಿರುವುದಿಲ್ಲ. ಈ ಜನ ಮಾತ್ರ ತಮಗೆ ಬರಬಹುದಾದ ಕಷ್ಟಗಳನ್ನೆಲ್ಲ ಮೊದಲೇ, ಒಂದೊಂದಾಗಿ, ನಿದ್ದೆಗೆಟ್ಟು ಅನುಭವಿಸಿ ಮುಗಿಸಿರುತ್ತಾರೆ. ಎಂದಾದರೊಂದು ದಿನ ಅವರು ಹೆಜ್ಜೆ ಮುಂದಿಟ್ಟರೆ, ತಾವು ಏನನ್ನು ಕಳೆದುಕೊಳ್ಳುತ್ತಿದ್ದೇವೆಂದು ಅವರಷ್ಟು ನಿಖರವಾಗಿ ಬಲ್ಲವರು ಆ ಊರಿನಲ್ಲಿ ಬೇರೆ ಯಾರೂ ಇರುವುದಿಲ್ಲ.