ಸೌಟಿನ ಸಾಕ್ಷಿ

ಸಾಕ್ಷಿ ಹೇಳಲು ಏಳುವ ಮುಂಚೆಯೇ ಹನೋಕನ ಪಿತ್ತ ನೆತ್ತಿಗೇರಿತ್ತು. ಆಂಟಾಪ್ ಹಿಲ್ಲಿನ ಆ ಪ್ರಾರ್ಥನಾ ಕೂಟದಲ್ಲಿ ಪ್ರತಿ ಭಾನುವಾರ ಒಬ್ಬರು ಎದ್ದುನಿಂತು, ತಾನು ಹಿಂದೆ ಎಷ್ಟು ಕೆಟ್ಟಿದ್ದೆ, ಯೇಸು ಹೇಗೆ ಮೇಲೆತ್ತಿದ ಎಂದು ಹೇಳಬೇಕು. ಕೆಟ್ಟಷ್ಟೂ ಚಪ್ಪಾಳೆ ಜಾಸ್ತಿ.

"ಕುಡೀತಿದ್ದೆ ಅಂತ ಸ್ವಲ್ಪ ಸೇರಿಸು ಬ್ರದರ್, ಹೊಸಬರು ಬಂದಿದ್ದಾರೆ," ಎಂದು ಪಾಸ್ಟರ್ ಎಡ್ವಿನ್ ಕಿವಿಯಲ್ಲಿ ಊದಿದ್ದರು.

ಆ ಹೊಸಬ ಅಣ್ಣು. ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಹನೋಕ ದೋಸೆ ಹುಯ್ಯುವಾಗ ಪಕ್ಕದಲ್ಲೇ ಚಟ್ನಿ ರುಬ್ಬುವವ. ವರ್ಷವಿಡೀ ಕಾಡಿ ಕರೆತಂದದ್ದು ಹನೋಕನೇ. ಹನೋಕ ಸೋಡಾ ಬಿಟ್ಟು ಬೇರೆ ಬಾಟಲಿ ಮುಟ್ಟಿದವನಲ್ಲವೆಂದು ಅಣ್ಣುವಿಗೆ ಚೆನ್ನಾಗಿ ಗೊತ್ತು. ಇಲ್ಲಿ ಸುಳ್ಳು ಹೇಳಿದರೆ ಯೇಸುವೂ ಸುಳ್ಳೇ ಅಂದುಕೊಂಡು ಎದ್ದುಹೋಗುತ್ತಾನೆ.

ಹನೋಕ ಎದ್ದ. "ನಾನು ಕುಡಿದವನಲ್ಲ, ಕದ್ದವನಲ್ಲ. ನಂಗೆ ಸಿಟ್ಟು ಜಾಸ್ತಿ. ಆಗಲೂ ಇತ್ತು, ಈಗಲೂ ಉಂಟು, ಸದ್ಯಕ್ಕೆ ಪಾಸ್ಟರ ಮೇಲೇ ಉಂಟು. ಯೇಸು ಏನು ನಮ್ಮ ಹೋಟೆಲಿನ ಸಾಂಬಾರಾ, ಮಸಾಲೆ ಕಮ್ಮಿಯಾದರೆ ಗಿರಾಕಿ ಬರೋದಿಲ್ಲ ಅನ್ನಲಿಕ್ಕೆ?"

ಒಂದು ಚಪ್ಪಾಳೆಯೂ ಬೀಳಲಿಲ್ಲ. ಪಾಸ್ಟರ್ ಬೆವರೊರೆಸಿಕೊಂಡು, "ಹಾಗಾದರೆ ಕರ್ತನು ನಿನ್ನಲ್ಲಿ ಬದಲಿಸಿದ್ದಾದರೂ ಏನು?" ಎಂದರು.

ಹನೋಕ ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ಅಣ್ಣು ಕೈಯೆತ್ತಿದ.

"ಸ್ವಲ್ಪ ಬದಲಾಗಿದ್ದಾನೆ ಸ್ವಾಮೀ. ಮೊದಲು ಸಿಟ್ಟು ಬಂದರೆ ಸೌಟು ಸೀದಾ ನನ್ನ ತಲೆಗೆ ಬರ್ತಿತ್ತು. ಈಗ ಗೋಡೆಗೆ ಎಸೀತಾನೆ. ಆಮೇಲೆ ಅವನೇ ಹೆಕ್ಕಿ ತೊಳೆದಿಡ್ತಾನೆ."

ಕೂಟವೆಲ್ಲ ಗೊಳ್ಳೆಂದಿತು. ಪಾಸ್ಟರ್ ಮತ್ತೊಮ್ಮೆ ಬೆವರೊರೆಸಿಕೊಂಡು "ಸ್ತೋತ್ರ" ಅಂದರು.

ಮೆಟ್ಟಿಲಿಳಿಯುತ್ತಾ ಹನೋಕ ಕೇಳಿದ: "ಮುಂದಿನ ವಾರ ಬರ್ತೀಯಾ?"

"ಬರದೆ ಮತ್ತೆ? ಇನ್ನು ಆ ಗೋಡೆಯೂ ಉಳೀಬೇಕಲ್ಲ ಮಾರಾಯ."